ಅತ್ತಿ ಹಣ್ಣಿನ ಹುಳುಗಳಿಗೆ ಔಷಧಿ ಬೇಡ

ತೋಟದಂಚಿನ ಅತ್ತಿಮರದ ಹಣ್ಣುಗಳಲ್ಲೆಲ್ಲ ಹುಳುಗಳಿವೆ, ಔಷಧಿ ಹೊಡೆಯಬೇಕೇ ಎಂದು ಕೇಳಿದ್ದೀರಿ. ದಯವಿಟ್ಟು ಹೊಡೆಯಬೇಡಿ! ಅವುಗಳಲ್ಲಿ ಅತ್ತಿಕಣಜಗಳಿವೆ, ಅವಿಲ್ಲದೆ ಮರದಲ್ಲಿ ಬೀಜವೇ ಕಟ್ಟುವುದಿಲ್ಲ. ನಾವು ಕಾಯಿ ಎನ್ನುವುದು ನಿಜಕ್ಕೂ ಒಳಮುಖವಾಗಿ ಅರಳುವ ಸಾವಿರಾರು ಹೂಗಳ ಗೊಂಚಲು. ಸುಮಾರು 2 ಮಿಲಿಮೀಟರ್ ಉದ್ದದ ಹೆಣ್ಣು ಕಣಜ ತುದಿಯ ಕಿರುರಂಧ್ರದಲ್ಲಿ ನುಸುಳುವಾಗ ರೆಕ್ಕೆಗಳೇ ಕಿತ್ತುಹೋಗುತ್ತವೆ. ಒಳಗೆ ಪರಾಗ ಹಚ್ಚಿ, ಮೊಟ್ಟೆಯಿಟ್ಟು, ಅಲ್ಲೇ ಸಾಯುತ್ತದೆ. ಮುಂದಿನ ಪೀಳಿಗೆಯ ರೆಕ್ಕೆಯಿಲ್ಲದ ಗಂಡುಗಳು ಸುರಂಗ ಕೊರೆಯುತ್ತವೆ, ಹೆಣ್ಣುಗಳು ಪರಾಗ ಹೊತ್ತು ಹಾರುತ್ತವೆ. ಎಂಥ ಅದ್ಭುತ! ಮಾಗಿದ ಹಣ್ಣಿಗೆ ಮಂಗಟ್ಟೆ, ಬಾವಲಿ, ಪುನುಗುಬೆಕ್ಕು ಬಂದು ಬೀಜ ಹರಡುತ್ತವೆ. ಕೆಂಪಾಗತೊಡಗಿದ ಕಾಯೊಂದನ್ನು ಗಾಜಿನ ಸೀಸೆಯಲ್ಲಿಟ್ಟು ಬಾಯಿಗೆ ತೆಳುಬಟ್ಟೆ ಕಟ್ಟಿಡಿ. ಕಣಜಗಳು ಹೊರಬರುವುದನ್ನು ನೀವೇ ಕಾಣಬಹುದು.