ಮಳೆಗಾಲಕ್ಕೆ ಇನ್‌ಹೇಲರ್ ಎಷ್ಟು ತಂದಿಡಬೇಕು?

ಮಡಿಕೇರಿ ಕಡೆಯ ನಿಮ್ಮ ಊರಿನ ರಸ್ತೆ ಮಳೆಗೆ ಕಡಿತಗೊಂಡರೆ ಆಸ್ತಮಾ ಇರುವ ತಾಯಿಯವರಿಗೆಂದು ಎಷ್ಟು ಇನ್‌ಹೇಲರ್ ಕೂಡಿಡಬೇಕು ಎಂದು ಕೇಳಿದ್ದೀರಿ. 2018ರ ಆಗಸ್ಟ್‌ನಲ್ಲಿ ಕೊಡಗಿನ ಗುಡ್ಡಗಳು ಕುಸಿದುದನ್ನು ನೆನೆದರೆ ನಿಮ್ಮ ಆತಂಕ ಸಹಜವಾದುದೇ.

ಉಬ್ಬಸ ಬಂದಾಗ ಎಳೆಯುವ ಸಾಲ್ಬುಟಮಾಲ್ ಇನ್‌ಹೇಲರ್‌ನಲ್ಲಿ ಸಾಮಾನ್ಯವಾಗಿ 200 ಪಫ್ ಇರುವುದರಿಂದ, ಬಳಕೆಯಲ್ಲಿರುವುದರ ಜೊತೆಗೆ ತೆರೆಯದ ಇನ್ನೊಂದು ಇದ್ದರೆ ಬಹುಮಟ್ಟಿಗೆ ಸಾಕು. ನನ್ನ ದೃಷ್ಟಿಯಲ್ಲಿ ಅದಕ್ಕಿಂತ ಮುಖ್ಯವಾದುದು, ಶ್ವಾಸನಾಳದ ಊತವನ್ನು ತಗ್ಗಿಸುವ ಬ್ಯುಡೆಸೊನೈಡ್‌ನಂತಹ ಔಷಧಿಯನ್ನು ವೈದ್ಯರು ದಿನವೂ ತೆಗೆದುಕೊಳ್ಳಲು ಬರೆದುಕೊಟ್ಟಿದ್ದರೆ ಅದು ಒಂದು ದಿನವೂ ತಪ್ಪದಂತೆ ಎರಡು ತಿಂಗಳಿಗಾಗುವಷ್ಟು ಇರುವುದು. ಅದನ್ನು ಬಿಟ್ಟು ಸಾಲ್ಬುಟಮಾಲ್ ಒಂದನ್ನೇ ನೆಚ್ಚಿಕೊಂಡವರಿಗೆ ತೀವ್ರ ಉಬ್ಬಸದ ಅಪಾಯ ಹೆಚ್ಚು.

ತೇವ ತಗಲದಿರಲೆಂದು ಇನ್‌ಹೇಲರನ್ನು ಒಲೆಯ ಮೇಲಿನ ಅಟ್ಟದಲ್ಲಿಡಬೇಡಿ, ಏಕೆಂದರೆ ಒತ್ತಡ ತುಂಬಿದ ಆ ಡಬ್ಬಿಗೆ 30 ಡಿಗ್ರಿಗಿಂತ ಹೆಚ್ಚಿನ ಬಿಸಿ ಆಗದು. ಇನ್‌ಹೇಲರ್‌ನಲ್ಲಿ ಹಾಕಿ ಎಳೆಯುವ, ಪುಡಿ ತುಂಬಿದ ಕ್ಯಾಪ್ಸೂಲ್ ಬಳಸುವವರಾದರೆ, ಬಳಸುವ ಕ್ಷಣದವರೆಗೂ ಅದನ್ನು ಮೂಲ ಪೊಟ್ಟಣದಿಂದ ತೆಗೆಯಬಾರದು. ಮಲೆನಾಡಿನ ಥಂಡಿಗೆ ಪುಡಿ ಗಂಟುಕಟ್ಟುತ್ತದೆ.

ಕರೆಂಟ್ ಹೋದಾಗ, ಔಷಧಿಯನ್ನು ಮಂಜಿನಂತೆ ಮಾಡಿ ಉಸಿರಿಗೆ ಕೊಡುವ ಯಂತ್ರವಾದ ನೆಬ್ಯುಲೈಸರ್ ನಿಂತೀತು. ಆದ್ದರಿಂದ ಕರೆಂಟ್ ಬೇಡದ, ಇನ್‌ಹೇಲರ್‌ನ ಬಾಯಿಗೆ ಜೋಡಿಸಿ ಔಷಧಿ ಎಳೆದುಕೊಳ್ಳುವ ಕೊಳವೆಯಾದ ಸ್ಪೇಸರ್ ಒಂದನ್ನು ಖಂಡಿತ ಕೊಳ್ಳಿ. ತೀವ್ರ ಉಬ್ಬಸದಲ್ಲಿ ಎಷ್ಟು ಪಫ್, ಎಷ್ಟು ಹೊತ್ತಿಗೊಮ್ಮೆ, ಸ್ಟೀರಾಯ್ಡ್ ಮಾತ್ರೆ ಯಾವಾಗ ಎಂಬುದನ್ನು ವೈದ್ಯರಿಂದ ಈಗಲೇ ಬರೆಸಿಕೊಳ್ಳಿ. ಒಂದು ವಾಕ್ಯವನ್ನು ಪೂರ್ತಿ ಆಡಲಾಗದಷ್ಟು ಏದುಸಿರು ಬಂದರೆ ಅಥವಾ ತುಟಿ ನೀಲಿಗಟ್ಟಿದರೆ ಕೂಡಲೇ 108ಕ್ಕೆ ಕರೆಮಾಡಿ. ಭಾರಿ ಮಳೆಯ ಮುನ್ಸೂಚನೆ ಇರುವಾಗಲೇ ರಾತ್ರಿಯ ಕೆಮ್ಮು ಹೆಚ್ಚಿದರೆ, ರಸ್ತೆ ತೆರೆದಿರುವಾಗಲೇ ತಾಯಿಯವರನ್ನು ಪೇಟೆಯ ಬಂಧುಗಳ ಮನೆಗೆ ಕರೆದೊಯ್ಯಿರಿ.