ಮನೆ ಬಿಟ್ಟು ಹೋದ ಮಗಳನ್ನು ಎಳೆದು ತರುವ ಹಕ್ಕು ನನಗಿಲ್ವಾ? ಇಟ್ಟುಕೊಂಡವರ ಮೇಲೆ ಅಪಹರಣದ ಕೇಸು ಹಾಕಬಹುದಾ?

ನಿಮ್ಮ ಮಗಳಿಗೆ 16, ಜಗಳ ಆಡಿ ಗೆಳತಿಯ ಮನೆ ಸೇರಿದ್ದಾಳೆ, ನೀವು ಆ ಮನೆಯವರ ಮೇಲೆ ಕೇಸು ಹಾಕಲು ಹೊರಟಿದ್ದೀರಿ. ಓದುವಾಗ ಕೈ ನಡುಗಿತು ಸರ್. ಅಂಥದ್ದೇ ಕೇಸನ್ನು ನಾನು ಹಾಕಿದ್ದೆ.

ನನ್ನ ಮಗನಿಗೂ ಆಗ 16. ಪರೀಕ್ಷೆ ಹತ್ತಿರ ಇತ್ತು. ರಾತ್ರಿ ಒಂದು ಗಂಟೆಗೆ ಫೋನ್ ಹಿಡಿದು ಕೂತಿದ್ದ. ಕಿತ್ತುಕೊಂಡೆ. ಎದುರು ಮಾತಾಡಿದ. ಕೈಗೆ ಚಾರ್ಜರ್ ವೈರ್ ಸಿಕ್ಕಿತು, ಬೆನ್ನಿಗೆ ಮೂರ್ನಾಲ್ಕು ಸಲ ಬಾರಿಸಿದೆ. ಬೆಳಗ್ಗೆ ನೋಡಿದರೆ ಹಾಸಿಗೆ ಖಾಲಿ.

ತಕ್ಷಣ ಠಾಣೆಗೆ ಹೋದೆವು. "24 ಗಂಟೆ ನೋಡಿ, ಬರ್ತಾನೆ" ಅಂದರು. ಹಾಗೆ ಕಾಯಬೇಕು ಅಂತ ನಿಯಮವೇ ಇಲ್ಲ. 18 ತುಂಬದ ಮಗು ಕಾಣೆಯಾದರೆ ಅಪಹರಣ ಅಥವಾ ಮಾನವ ಸಾಗಣೆ ಅಂತಲೇ ಎಣಿಸಿ ಎಫ್‌ಐಆರ್ ಹಾಕಬೇಕು ಎಂದು ಸುಪ್ರೀಂ ಕೋರ್ಟ್ 2013ರಲ್ಲೇ, ಮಕ್ಕಳ ಹಕ್ಕುಗಳ ಸಂಸ್ಥೆ ಬಚ್‌ಪನ್ ಬಚಾವೋ ಆಂದೋಲನದ ಪ್ರಕರಣದಲ್ಲಿ ಹೇಳಿದೆ. ನನ್ನ ತಮ್ಮನಿಗೆ ಇದು ಗೊತ್ತಿತ್ತು. ಪಟ್ಟು ಹಿಡಿದ, ಬರೆದುಕೊಂಡರು.

ನಾನು ಕೆಟ್ಟದ್ದು ಅಲ್ಲಿ. "ಮನೆಯಲ್ಲಿ ಏನಾದರೂ ಜಗಳ ಆಗಿತ್ತಾ?" ಅಂತ ಕೇಳಿದರು. "ಏನೂ ಇಲ್ಲ" ಅಂದೆ. "ಯಾರ ಮೇಲಾದರೂ ಅನುಮಾನ ಇದೆಯಾ?" ಅಂದರು. ಮಗನ ಜೊತೆ ಆಟ ಆಡುತ್ತಿದ್ದ 19ರ ಹುಡುಗನ ಹೆಸರು ಹೇಳಿದೆ. ಪುಸಲಾಯಿಸಿ ಕರೆದುಕೊಂಡು ಹೋಗಿದ್ದಾನೆ ಅಂತ ಬರೆಸಿದೆ. ಯಾರ ಹೆಸರನ್ನೂ ಹೇಳುವ ಅಗತ್ಯ ಇರಲಿಲ್ಲ. ಹೆಸರಿಲ್ಲದೆಯೂ ಎಫ್‌ಐಆರ್ ಆಗುತ್ತಿತ್ತು. ಆದರೆ ಹೊಡೆದದ್ದನ್ನು ಮುಚ್ಚಿಟ್ಟ ಮೇಲೆ, ಮಗ ಯಾಕೆ ಹೋದ ಅನ್ನುವುದಕ್ಕೆ ನನ್ನ ಹತ್ತಿರ ಬೇರೆ ಕಾರಣ ಉಳಿದಿರಲಿಲ್ಲ. ಆ ಜಾಗಕ್ಕೆ ಒಬ್ಬ ಮನುಷ್ಯ ಬೇಕಿತ್ತು. ಬಾಯಿಗೆ ಬಂದದ್ದು ಅವನ ಹೆಸರು.

ಮಗ ಇದ್ದದ್ದು ಅವನ ರೂಮಿನಲ್ಲೇ. ಸಂಜೆ ನಾನೇ ಮನೆಗೆ ಬಿಟ್ಟು ಬರ್ತೀನಿ ಅಂತ ಆ ಹುಡುಗ ಒಪ್ಪಿಸಿದ್ದನಂತೆ. ಮಧ್ಯಾಹ್ನ ಕೆಲಸದ ಜಾಗದಿಂದ ಪೊಲೀಸರು ಅವನನ್ನು ಕರೆದೊಯ್ದರು. ಸುದ್ದಿ ಕೇಳಿ ನನ್ನ ಮಗ ಹೆದರಿದ, ತನ್ನನ್ನೂ ಹಿಡಿಯುತ್ತಾರೆ ಅಂದುಕೊಂಡ. ಸಿಕ್ಕಿದ ರೈಲು ಹತ್ತಿದ. ಸಂಜೆ ಮನೆಗೆ ಬರಬೇಕಿದ್ದ ಮಗ 11 ದಿನ ಕಾಣಲಿಲ್ಲ. ಬೇರೆ ರಾಜ್ಯದ ಒಂದು ನಿಲ್ದಾಣದಲ್ಲಿ, ಜ್ವರದಲ್ಲಿ ಮಲಗಿದ್ದವನನ್ನು ರೈಲ್ವೆ ರಕ್ಷಣಾ ಪಡೆಯವರು ಎಬ್ಬಿಸಿದರು.

ಹಾಗೆ ಸಿಕ್ಕ ಮಗುವನ್ನು 24 ಗಂಟೆಯೊಳಗೆ ಮಕ್ಕಳ ಕಲ್ಯಾಣ ಸಮಿತಿಯ ಮುಂದೆ ತರಬೇಕು. ಮಗು ಓಡಿ ಹೋಗುವುದು ಅಪರಾಧ ಅಲ್ಲ. 2015ರ ಬಾಲನ್ಯಾಯ ಕಾಯ್ದೆಯಲ್ಲಿ ಅವನು ಆರೈಕೆ ಮತ್ತು ರಕ್ಷಣೆ ಬೇಕಾದ ಮಗು. ಸಮಿತಿಯವರು ಮೊದಲು ಅವನನ್ನೇ ಕೇಳಿದರು. ಅವನು ಅಂಗಿ ಎತ್ತಿ ಬೆನ್ನು ತೋರಿಸಿದ. ನನ್ನ ದೂರಿನ ಪ್ರತಿ ಅವರ ಮೇಜಿನ ಮೇಲಿತ್ತು. ಅದೇ ಕಾಯ್ದೆಯ 75ನೇ ಕಲಮಿನಲ್ಲಿ, ಮಗುವನ್ನು ನೋಡಿಕೊಳ್ಳಬೇಕಾದವರೇ ಹಿಂಸೆ ಕೊಟ್ಟರೆ 3 ವರ್ಷದವರೆಗೆ ಜೈಲು ಇದೆ ಅಂತ ನನಗೆ ಗೊತ್ತಾದದ್ದು ಆವತ್ತು. ನನ್ನ ಮೇಲೆ ಕೇಸು ಆಗಲಿಲ್ಲ. ಆದರೆ ಮನೆ ವಿಚಾರಣೆ, ಸಮಾಲೋಚನೆ ಎಲ್ಲ ಮುಗಿಯುವವರೆಗೆ ಮಗ ಬಾಲಮಂದಿರದಲ್ಲಿ ಇದ್ದ. ವಾರಕ್ಕೊಮ್ಮೆ ಹೋಗಿ ನೋಡಿ ಬರುತ್ತಿದ್ದೆ. ಆ ಹುಡುಗನ ಕೆಲಸ ಹೋಯಿತು. ಅವನ ತಾಯಿ ಇವತ್ತಿಗೂ ನನ್ನ ಮುಖ ನೋಡುವುದಿಲ್ಲ.

ಹಕ್ಕು ಇದೆಯಾ ಅಂದರೆ, ಇದೆ. 18 ತುಂಬುವವರೆಗೆ ನೀವು ಪೋಷಕರು. ಆದರೆ ಎಳೆದು ತರುವುದು ಅಂತ ಬರೆದಿದ್ದೀರಲ್ಲ, ಆ ಮಾತೇ ತಪ್ಪು. ಅವಳು ಎಲ್ಲಿದ್ದಾಳೆ ಅಂತ ನಿಮಗೆ ಗೊತ್ತಿದೆ. 11 ದಿನ ನನಗೆ ಅದೊಂದು ಗೊತ್ತಿರಲಿಲ್ಲ. ಇನ್ನು ಅಪಹರಣದ ಕೇಸು. ಭಾರತೀಯ ನ್ಯಾಯ ಸಂಹಿತೆಯ 137ನೇ ಕಲಮಿನಲ್ಲಿ 7 ವರ್ಷದವರೆಗೆ ಶಿಕ್ಷೆ ಇದೆ, ನಿಜ. ಆದರೆ ಮಗುವನ್ನು ಕರೆದೊಯ್ದಿರಬೇಕು, ಇಲ್ಲವೇ ಪುಸಲಾಯಿಸಿರಬೇಕು. ತಾನಾಗಿ ಹೊರಟು ಬಂದವರ ಜೊತೆ ಇರುವುದು ಬೇರೆ ಅಂತ ಸುಪ್ರೀಂ ಕೋರ್ಟ್ 1964ರ ವರದರಾಜನ್ ತೀರ್ಪಿನಲ್ಲೇ ಹೇಳಿದೆ. ಬಾಗಿಲು ತೆಗೆದ ಮನೆಯವರನ್ನು ಕೋರ್ಟಿಗೆ ಎಳೆದರೆ, ಮುಂದಿನ ಸಲ ಅವಳಿಗೆ ಆ ಬಾಗಿಲೂ ಇರುವುದಿಲ್ಲ.

ಇವತ್ತೇ ಆ ಗೆಳತಿಯ ತಾಯಿಗೆ ಫೋನ್ ಮಾಡಿ. ಮಗಳಿಗೆ ಫೋನ್ ಕೊಡಿ ಅನ್ನಬೇಡಿ, ಊಟ ಮಾಡಿದಳಾ ಅಂತ ಮಾತ್ರ ಕೇಳಿ. ನಡುವೆ ಮಾತಾಡಲು ಯಾರಾದರೂ ಬೇಕು ಅನಿಸಿದರೆ 1098ಕ್ಕೆ ಕರೆ ಮಾಡಿ, ಮಕ್ಕಳ ಸಹಾಯವಾಣಿ, ದುಡ್ಡು ಬೀಳುವುದಿಲ್ಲ. ಅವಳು ಅಲ್ಲಿಂದಲೂ ಹೊರಟು ಹೋದರೆ ಒಂದು ಗಂಟೆಯೂ ಕಾಯಬೇಡಿ. ಹತ್ತಿರದ ಯಾವ ಠಾಣೆಯಾದರೂ ಸರಿ, ಎಫ್‌ಐಆರ್ ಬರೆಸಿ, ಉಚಿತ ಪ್ರತಿ ಕೇಳಿ ತಗೊಳ್ಳಿ. ಜಗಳ ಆಗಿತ್ತಾ ಅಂದರೆ ಆದದ್ದನ್ನು ಆದ ಹಾಗೆ ಹೇಳಿ. ನೀವು ಕೈ ಎತ್ತಿದ್ದರೆ ಅದನ್ನೂ ಹೇಳಿ. ಎಲ್ಲಿ ಹುಡುಕಬೇಕು ಅನ್ನುವುದು ಅವರಿಗೆ ತಿಳಿಯುವುದೇ ಅದರಿಂದ.

ಮನೆಯಲ್ಲಿ ಇಲ್ಲ ಅಂದ ಮಾತ್ರಕ್ಕೆ ಅವಳ ಊಟ, ಓದಿನ ಹೊಣೆ ನಿಮ್ಮ ಮೇಲಿಂದ ಇಳಿಯುವುದಿಲ್ಲ. ನಾಳೆ ಬೆಳಗ್ಗೆ ಅವಳ ಪುಸ್ತಕ, ಎರಡು ಜೊತೆ ಬಟ್ಟೆ, ಮಾತ್ರೆ ಏನಾದರೂ ಇದ್ದರೆ ಅದು, ಎಲ್ಲ ಒಂದು ಚೀಲಕ್ಕೆ ಹಾಕಿಕೊಂಡು ಹೋಗಿ. ಬಾಗಿಲಲ್ಲೇ ಕೊಡಿ. ಕರೆದರೆ ಮಾತ್ರ ಒಳಗೆ ಹೋಗಿ.