ಹಳೆಯ ಕ್ಯಾಂಪರ್ ವ್ಯಾನಿಗೆ ಎಷ್ಟು ಕೊಡಬಹುದು: 20,000 ಪೌಂಡ್ ಕೂಡಿಟ್ಟಿರುವ ಮಿತ್ರರಿಗೆ ಉತ್ತರ

ನಮಸ್ಕಾರ. ಇಂಗ್ಲೆಂಡಿನ ಲೆಸ್ಟರ್‌ನಲ್ಲಿ ನೆಲೆಸಿರುವ ನಮ್ಮ ಹಾಸನದ ಮಿತ್ರರು ಕೇಳಿರುವುದು ಇಷ್ಟು: ಹಳೆಯ ಫೋಕ್ಸ್‌ವ್ಯಾಗನ್ ಕ್ಯಾಂಪರ್ ವ್ಯಾನ್ (ಒಳಗೇ ಮಲಗಲು, ಅಡುಗೆ ಮಾಡಲು ಅನುಕೂಲವಿರುವ ವ್ಯಾನ್) ಕೊಳ್ಳಲು 20,000 ಪೌಂಡ್ ಕೂಡಿಟ್ಟಿದ್ದಾರೆ, ಮೂರು ವ್ಯಾನುಗಳನ್ನು ಗುರುತಿಸಿಕೊಂಡಿದ್ದಾರೆ. ಮೊದಲನೆಯದು ವೆಲ್ಡಿಂಗ್ ಬೇಕಿರುವ 6,500 ಪೌಂಡಿನದು, ಎರಡನೆಯದು ಓಡುವ ಸ್ಥಿತಿಯಲ್ಲಿರುವ 1974ರ 14,000 ಪೌಂಡಿನದು, ಮೂರನೆಯದು 'ಪೂರ್ತಿ ಹೊಸದಾಗಿ ಮಾಡಿದ್ದು' ಎಂದು ಹೇಳಿ 23,000 ಕೇಳುತ್ತಿರುವುದು. ಮನೆಯಲ್ಲಿ ಇಬ್ಬರು ಮಕ್ಕಳಿದ್ದಾರೆ, ಚಿಕ್ಕವನಿಗೆ ಎರಡು ವರ್ಷ. ನಾನು ಹನ್ನೊಂದು ವರ್ಷದಿಂದ ಇದೇ ಮಾದರಿಯ 1973ರ ವ್ಯಾನನ್ನು ಇಟ್ಟುಕೊಂಡಿರುವುದರಿಂದ ಸ್ವಲ್ಪ ವಿವರವಾಗಿಯೇ ಬರೆಯುತ್ತೇನೆ.

ಮೊದಲು ಲೆಕ್ಕ. ನಿಮ್ಮ ಬಳಿ ಇರುವ 20,000 ಪೌಂಡ್ ವ್ಯಾನಿನ ಬೆಲೆಯಲ್ಲ. ವ್ಯಾನಿನ ಬೆಲೆ ಮತ್ತು ಅದರ ಮೊದಲ ಎರಡು ವರ್ಷಗಳ ಖರ್ಚು ಎರಡೂ ಸೇರಿದ ಮೊತ್ತ. ಐವತ್ತು ವರ್ಷ ದಾಟಿದ ವಾಹನ ಮನೆಗೆ ಬಂದ ಮೇಲೆ ಏನನ್ನೂ ಬೇಡದೆ ನಿಂತ ಉದಾಹರಣೆಯನ್ನು ನಾನು ಕಂಡಿಲ್ಲ. ಆದ್ದರಿಂದ ಕೊಳ್ಳುವಾಗ 14,000ಕ್ಕಿಂತ ಒಂದು ಪೌಂಡನ್ನೂ ಹೆಚ್ಚು ಕೊಡಬೇಡಿ, ಉಳಿದ 6,000ವನ್ನು ಬೇರೆಯೇ ಖಾತೆಯಲ್ಲಿಡಿ. ಟೈರು, ಬ್ರೇಕು, ಪೆಟ್ರೋಲ್ ಪೈಪು, ವಯರಿಂಗ್ ಇಷ್ಟಕ್ಕೇ ಮೊದಲ ವರ್ಷ ಸುಮಾರು 2,000 ಹೋಗಬಹುದು. ಉಳಿದದ್ದು ಮುಖ್ಯವಾಗಿ ಈಗ ಕಣ್ಣಿಗೆ ಬೀಳದ ತುಕ್ಕಿಗಾಗಿ.

ತುಕ್ಕಿನ ವಿಷಯವನ್ನು ಬಿಡಿಸಿ ಹೇಳಬೇಕು, ಏಕೆಂದರೆ ಬೆಲೆಯ ನಿರ್ಧಾರವೆಲ್ಲ ನಿಂತಿರುವುದು ಅದರ ಮೇಲೆ. ನೀವು ನೋಡುತ್ತಿರುವುದು ಮುಂದೆ ಒಂದೇ ಅಗಲವಾದ ಬಾಗಿದ ಗಾಜಿರುವ, ಜರ್ಮನಿಯಲ್ಲಿ 1967ರಿಂದ 1979ರವರೆಗೆ ತಯಾರಾದ ಎರಡನೆಯ ಪೀಳಿಗೆಯ ವ್ಯಾನು. ಬ್ರೆಜಿಲ್‌ನಲ್ಲಿ ಇದರ ಮುಂದುವರಿದ ರೂಪ 2013ರ ಕೊನೆಯವರೆಗೂ ತಯಾರಾಯಿತು. ಹಿಂದೆ ಕೂರುವ, ಗಾಳಿಯಿಂದ ತಣಿಯುವ 1600 ಸಿಸಿ ಎಂಜಿನ್ ಬೀಟಲ್ ಕಾರಿನ ಎಂಜಿನ್ನಿನ ಒಡಹುಟ್ಟು. ಅದರ ಬಿಡಿಭಾಗಗಳು ಇಂದಿಗೂ ಸುಲಭವಾಗಿ ಸಿಗುತ್ತವೆ, ಕೈ ಪಳಗಿದ ಮೆಕ್ಯಾನಿಕ್ ಅರ್ಧ ದಿನದಲ್ಲಿ ಇಡೀ ಎಂಜಿನ್ನನ್ನು ಕೆಳಗಿಳಿಸಬಲ್ಲರು. ಆದರೆ ಈ ವ್ಯಾನಿಗೆ ನಮ್ಮ ಲಾರಿಗಳಿಗೆ ಇರುವಂತೆ ಬಿಡಿಸಿ ತೆಗೆಯಬಹುದಾದ ಚಾಸಿಸ್ ಇಲ್ಲ. ತಳದ ಉದ್ದ ತೊಲೆಗಳು, ಬಾಗಿಲ ಕೆಳಗಿನ ಸಿಲ್‌ಗಳು, ನೆಲದ ತಗಡು ಎಲ್ಲವನ್ನೂ ಒಂದಕ್ಕೊಂದು ವೆಲ್ಡ್ ಮಾಡಿ ಕಟ್ಟಿದ ದೇಹವೇ ಭಾರ ಹೊರುವುದು. ಸಿಲ್ ಕೊಳೆತರೆ ಮನೆಯ ಬುನಾದಿಯೇ ಕುಸಿದಂತೆ. ಕರಾವಳಿಯವರಿಗೆ ಉಪ್ಪುಗಾಳಿ ಕಬ್ಬಿಣವನ್ನು ಹೇಗೆ ತಿನ್ನುತ್ತದೆಂದು ಹೇಳಬೇಕಾಗಿಲ್ಲ. ಬ್ರಿಟನ್ನಿನಲ್ಲಿ ಹಿಮಗಟ್ಟದಿರಲೆಂದು ಚಳಿಗಾಲದ ರಸ್ತೆಗಳಿಗೆ ಸುರಿಯುವ ಉಪ್ಪು ಅದೇ ಕೆಲಸವನ್ನು ಕೆಳಗಿನಿಂದ ಮಾಡುತ್ತದೆ.

ನನ್ನ ವ್ಯಾನನ್ನು 9,000 ಪೌಂಡಿಗೆ ಕೊಂಡಾಗ ಅದರ ಹೊಸ ಬಣ್ಣ, ಒಳಗಿನ ಮರದ ಕಪಾಟು, ಹೊಸ ಪರದೆಗಳನ್ನು ನೋಡಿ ಮನಸೋತಿದ್ದೆ. ಮೊದಲ ಎಂಓಟಿ ಪರೀಕ್ಷೆಯಲ್ಲಿ, ಅಂದರೆ ವಾಹನ ರಸ್ತೆಗೆ ಯೋಗ್ಯವೇ ಎಂದು ವರ್ಷಕ್ಕೊಮ್ಮೆ ನೋಡುವ ತಪಾಸಣೆಯಲ್ಲಿ, ಪರೀಕ್ಷಕರು ಎಡಗಡೆಯ ಸಿಲ್ಲನ್ನು ತಟ್ಟಿದಾಗ ತೂತು ಮುಚ್ಚಲು ಮೆತ್ತಿದ್ದ ಪುಟ್ಟಿ ಚಕ್ಕೆಚಕ್ಕೆಯಾಗಿ ಉದುರಿತು. ಅದರ ಹಿಂದೆ ತಗಡೇ ಇರಲಿಲ್ಲ. ಹೊರ ಸಿಲ್, ಒಳ ಸಿಲ್, ಜಾಕ್ ಕೂರಿಸುವ ಜಾಗ, ಮುಂದಿನ ಚಕ್ರದ ಹಿಂಬದಿ ಎಲ್ಲ ಬದಲಿಸಿ ಬಣ್ಣ ಹೊಡೆಸುವ ಹೊತ್ತಿಗೆ 4,800 ಪೌಂಡ್ ಖರ್ಚಾಗಿತ್ತು. ಬಿಡಿಭಾಗಗಳಿಗೆ ಹೋದದ್ದು ಅದರಲ್ಲಿ ಸಣ್ಣ ಪಾಲು, ಉಳಿದದ್ದೆಲ್ಲ ಕೂಲಿ. ಅಂದಿನಿಂದ ನಾನು ಯಾರಿಗೇ ಆದರೂ ಹೇಳುವುದು, ಹಣ ಕೊಡಬೇಕಾದದ್ದು ತಗಡಿಗೆ ಎಂದು.

ಆದ್ದರಿಂದ ನೋಡಲು ಹೋಗುವಾಗ ಬಟ್ಟೆಯಲ್ಲಿ ಸುತ್ತಿದ ಸಣ್ಣ ಅಯಸ್ಕಾಂತ, ಟಾರ್ಚು ಮತ್ತು ನೆಲಕ್ಕೆ ಹಾಸಲು ಒಂದು ಹಳೆಯ ಹೊದಿಕೆ ಒಯ್ಯಿರಿ. ಸಿಲ್‌ಗಳ ಉದ್ದಕ್ಕೂ, ಚಕ್ರದ ಕಮಾನುಗಳಿಗೂ, ಜಾರುವ ಬಾಗಿಲಿನ ಕೆಳ ಅಂಚಿಗೂ ಅಯಸ್ಕಾಂತ ಇಟ್ಟು ನೋಡಿ. ಅದು ಹಿಡಿಯದ ಕಡೆ ಪುಟ್ಟಿ ದಪ್ಪವಾಗಿದೆ ಎಂದೇ ತಿಳಿಯಿರಿ. ಮುಂಭಾಗದ ಕಾಲಿಡುವ ನೆಲ, ಗಾಜಿನ ಸುತ್ತಲಿನ ಅಂಚು, ಛಾವಣಿಯ ಮಳೆನೀರಿನ ಕಾಲುವೆ, ಎಂಜಿನ್ ಕೋಣೆಯಲ್ಲಿ ಬ್ಯಾಟರಿ ಕೂರುವ ತಟ್ಟೆ, ಇವು ನೀರು ನಿಂತು ಕೊಳೆಯುವ ಜಾಗಗಳು. ಮೇಲೇಳುವ ಛಾವಣಿ ಇದ್ದರೆ ಅದನ್ನು ಕೂರಿಸಲು ಕತ್ತರಿಸಿದ ಅಂಚನ್ನೂ ಒಳಗಿನಿಂದ ಮುಟ್ಟಿ ನೋಡಿ. ಎಂಜಿನ್ ಕೋಣೆಯಲ್ಲಿ ಕೊರೆದ ಚಾಸಿಸ್ ಸಂಖ್ಯೆ ನೋಂದಣಿ ಪತ್ರಕ್ಕೂ ಮುಂದಿನ ಸೀಟಿನ ಹಿಂಬದಿಯ ಸಣ್ಣ ಲೋಹದ ಫಲಕಕ್ಕೂ ತಾಳೆಯಾಗದಿದ್ದರೆ ಅಲ್ಲಿಂದ ಹೊರಟುಬಿಡಿ.

ಹೋಗುವ ಮೊದಲೇ ಮನೆಯಲ್ಲಿ ಕುಳಿತು ಮಾಡಬಹುದಾದ ಕೆಲಸವೂ ಒಂದಿದೆ. ನೋಂದಣಿ ಸಂಖ್ಯೆ ಕೊಟ್ಟರೆ 2005ರಿಂದ ಈಚಿನ ಎಂಓಟಿ ಇತಿಹಾಸವನ್ನು ಸರ್ಕಾರದ ಜಾಲತಾಣ ಉಚಿತವಾಗಿ ತೋರಿಸುತ್ತದೆ. 'ತುಕ್ಕು' ಎಂಬ ಎಚ್ಚರಿಕೆ ಎಷ್ಟು ವರ್ಷ ಮರುಕಳಿಸಿದೆ, ಅದರ ನಂತರ ದುರಸ್ತಿಯ ರಸೀದಿ ಇದೆಯೇ ಎಂದು ಹೋಲಿಸಿ. 2018ರ ಮೇ 20ರಿಂದ, ಹೆಚ್ಚು ಮಾರ್ಪಾಡಾಗದ, 40 ವರ್ಷ ದಾಟಿದ ವಾಹನಗಳಿಗೆ ಈ ಪರೀಕ್ಷೆಯಿಂದ ವಿನಾಯಿತಿ ಇದೆ. ವಿನಾಯಿತಿ ಅನುಕೂಲವೆಂದು ಕಂಡರೂ ಕೊಳ್ಳುವವರಿಗೆ ಅದರಿಂದ ನಷ್ಟವೇ ಹೆಚ್ಚು, ಏಕೆಂದರೆ ಎಷ್ಟೋ ವ್ಯಾನುಗಳ ಕೆಳಭಾಗವನ್ನು ಅಂದಿನಿಂದ ಯಾರೂ ನೋಡಿಲ್ಲ. ಪರೀಕ್ಷೆಯ ಗರಿಷ್ಠ ಶುಲ್ಕ 54.85 ಪೌಂಡ್. ಅದನ್ನು ನಾನೇ ಕೊಡುತ್ತೇನೆ, ಹೊಸದಾಗಿ ಪರೀಕ್ಷೆ ಮಾಡಿಸೋಣ ಎಂದು ಮಾರುವವರನ್ನು ಕೇಳಿ. ಅವರು ಒಪ್ಪದಿದ್ದರೆ ಅದೂ ಒಂದು ಉತ್ತರವೇ.

ಎಂಜಿನ್ ನೋಡಲು ತಣ್ಣಗಿದ್ದಾಗಲೇ ಹೋಗಬೇಕು. ಕೆಳಗಿನ ದೊಡ್ಡ ಪುಲ್ಲಿಯನ್ನು ಹಿಂದಕ್ಕೂ ಮುಂದಕ್ಕೂ ಎಳೆದಾಗ ಎಂಜಿನ್ನಿನ ಮುಖ್ಯ ತಿರುಗುದಂಡವಾದ ಕ್ರ್ಯಾಂಕ್‌ಶಾಫ್ಟ್ ಕಣ್ಣಿಗೆ ಕಾಣುವಷ್ಟು ಅಲುಗಾಡಿದರೆ ಎಂಜಿನ್ ಸವೆದಿದೆ. ಅದರ ಮಿತಿ 0.15 ಮಿಲಿಮೀಟರ್ ಮಾತ್ರ. ಹಾಗಿದ್ದರೂ ಹೆದರಬೇಕಾಗಿಲ್ಲ, ಎಂಜಿನ್ ದುರಸ್ತಿಗೆ ಮೊದಲೇ ದರ ಕೇಳಿ ಅಷ್ಟನ್ನು ಬೆಲೆಯಲ್ಲಿ ಇಳಿಸಬಹುದು. ಆದರೆ ಪೆಟ್ರೋಲ್ ಪೈಪಿನ ವಿಷಯದಲ್ಲಿ ಚೌಕಾಶಿಯೂ ಬೇಡ, ತಡವೂ ಬೇಡ. 2021ರ ಸೆಪ್ಟೆಂಬರ್‌ನಿಂದ ಬ್ರಿಟನ್ನಿನ ಸಾಮಾನ್ಯ ಪೆಟ್ರೋಲಿನಲ್ಲಿ ಶೇ. 10ರವರೆಗೆ ಎಥೆನಾಲ್ ಇರುತ್ತದೆ, ಹಳೆಯ ರಬ್ಬರ್ ಪೈಪುಗಳನ್ನು ಅದು ಹಾಳುಮಾಡುತ್ತದೆ. ಬಿಸಿ ಎಂಜಿನ್ನಿನ ಮೇಲೆ ಪೆಟ್ರೋಲ್ ಸೋರಿ ಬೆಂಕಿ ಹತ್ತಿ ಈ ಜಾತಿಯ ವ್ಯಾನುಗಳು ಎಷ್ಟೋ ಸುಟ್ಟಿವೆ. ಕೊಂಡ ವಾರದಲ್ಲೇ ಎಲ್ಲ ಪೈಪುಗಳನ್ನೂ ಬದಲಿಸಿ, ಶೇ. 5ರವರೆಗೆ ಮಾತ್ರ ಎಥೆನಾಲ್ ಇರುವ ಪೆಟ್ರೋಲನ್ನೇ ಹಾಕಿಸಿ, ಅಡುಗೆಯ ಗ್ಯಾಸ್ ಒಲೆಯನ್ನು ಅರ್ಹ ತಂತ್ರಜ್ಞರಿಂದ ಪರೀಕ್ಷೆ ಮಾಡಿಸಿ, ಮಲಗುವ ಜಾಗದಲ್ಲಿ ಕಾರ್ಬನ್ ಮಾನಾಕ್ಸೈಡ್ ಅಲಾರಂ ಇಡಿ.

ನಿಮ್ಮ ಚಿಕ್ಕ ಮಗನ ಬಗ್ಗೆ ಒಂದು ಮಾತು. ಆ ಕಾಲದ ಎಷ್ಟೋ ವ್ಯಾನುಗಳಲ್ಲಿ ಹಿಂದಿನ ಸೀಟಿಗೆ ಬೆಲ್ಟ್ ಇರಲಿಲ್ಲ. ಬೆಲ್ಟೇ ಇಲ್ಲದ ವಾಹನದಲ್ಲಿ ಮೂರು ವರ್ಷದೊಳಗಿನ ಮಕ್ಕಳನ್ನು ಕರೆದೊಯ್ಯಲು ಅಲ್ಲಿನ ಕಾನೂನು ಬಿಡುವುದಿಲ್ಲ. ಬೆಲ್ಟ್ ಕೂರಿಸಲು ಬಲವಾದ ತಗಡಿಗೆ ಆಧಾರ ಬೆಸೆಯಬೇಕಾಗುತ್ತದೆ; ಅದು ತಿಳಿದವರ ಕೈಯಲ್ಲೇ ಆಗಬೇಕು, ಅದರ ಖರ್ಚನ್ನು 6,000ದಲ್ಲಿ ಮೊದಲ ಸಾಲಿಗೆ ಬರೆದುಕೊಳ್ಳಿ.

ವರ್ಷದ ಖರ್ಚು ನೀವು ಹೆದರಿದಷ್ಟಿಲ್ಲ. 40 ವರ್ಷ ದಾಟಿದ್ದರಿಂದ 'ಐತಿಹಾಸಿಕ' ವರ್ಗಕ್ಕೆ ಅರ್ಜಿ ಹಾಕಿದರೆ ರಸ್ತೆ ತೆರಿಗೆ ಇಲ್ಲ, ಆ ವರ್ಗಕ್ಕೆ ಸೇರಿದ ಮೇಲೆ ಹೆಚ್ಚು ಹೊಗೆ ಉಗುಳುವ ವಾಹನಗಳಿಗೆ ಲಂಡನ್ನಿನಲ್ಲಿ ವಿಧಿಸುವ ದಿನದ ಶುಲ್ಕವೂ ಇಲ್ಲ. ವಿಮೆಯನ್ನು ಮಾತ್ರ ಮೌಲ್ಯವನ್ನು ಮೊದಲೇ ಒಪ್ಪಿಕೊಳ್ಳುವ ಬಗೆಯದನ್ನೇ ಮಾಡಿಸಿ. ಲೀಟರಿಗೆ ಎಂಟು ಕಿಲೋಮೀಟರ್ ಎಂದು ಹಿಡಿಯಿರಿ. ಸುಮಾರು 3,000 ಮೈಲಿಗೊಮ್ಮೆ ಎರಡೂವರೆ ಲೀಟರ್ ಆಯಿಲ್ ಬದಲಿಸಿ ಟ್ಯಾಪೆಟ್ (ಎಂಜಿನ್ನಿನ ವಾಲ್ವುಗಳ ಸಂದು) ಹೊಂದಿಸುವುದನ್ನು ಭಾನುವಾರ ಬೆಳಿಗ್ಗೆ ನೀವೇ ಕಲಿಯಬಹುದು. ವ್ಯಾನಿನ ಎತ್ತರ ಸುಮಾರು ಎರಡು ಮೀಟರ್. ನಿಮ್ಮ ಗ್ಯಾರೇಜಿನ ಬಾಗಿಲನ್ನು ಇಂದೇ ಅಳೆಯಿರಿ, ಏಕೆಂದರೆ ಮಳೆಯಲ್ಲಿ ನಿಲ್ಲಿಸಿದ ವ್ಯಾನಿಗೆ ತುಕ್ಕಿನ ಖರ್ಚು ತಪ್ಪುವುದಿಲ್ಲ. ಇದಕ್ಕೂ ಮೊದಲು ಒಂದು ವಾರಾಂತ್ಯ ಇಂಥದೇ ವ್ಯಾನನ್ನು ಬಾಡಿಗೆಗೆ ಪಡೆದು ಮನೆಯವರೆಲ್ಲ ಅದರಲ್ಲಿ ಮಲಗಿ ನೋಡಿ. ಗಂಟೆಗೆ 55 ಮೈಲಿಯಲ್ಲಿ ಸದ್ದು ಮಾಡುತ್ತ ಸಾಗುವುದು ಎಲ್ಲರಿಗೂ ಒಗ್ಗುವುದಿಲ್ಲ.

ಇನ್ನು ನಿಮ್ಮ ಮೂರು ವ್ಯಾನುಗಳು. 6,500ದ್ದು ಸ್ವಂತ ಕೈಯಲ್ಲಿ ವೆಲ್ಡಿಂಗ್ ಮಾಡಬಲ್ಲವರಿಗೆ ಸರಿ. ಕೂಲಿ ಕೊಟ್ಟು ಮಾಡಿಸಿದರೆ ನೂರಾರು ಗಂಟೆಗಳ ಕೆಲಸ, ನಿಮ್ಮ 20,000 ಸಾಲದೆ ಹೋಗಬಹುದು. 23,000ದ್ದು ಮಿತಿಯನ್ನು ಮೀರಿದೆ. ಬಣ್ಣಕ್ಕೆ ಮುಂಚಿನ ಬರಿ ತಗಡಿನ ಫೋಟೋಗಳು ಇಲ್ಲದಿದ್ದರೆ 'ಪೂರ್ತಿ ಹೊಸದಾಗಿ ಮಾಡಿದ್ದು' ಎಂಬ ಮಾತಿಗೆ ನಾನು ಬೆಲೆ ಕಟ್ಟುವುದಿಲ್ಲ. ಹಾಗಾಗಿ 1974ರದ್ದನ್ನು ನೋಡಿ ಬನ್ನಿ, ಎಂಜಿನ್ ಮೊದಲೇ ಬಿಸಿ ಮಾಡಿಡಬೇಡಿ ಎಂದು ಮಾರುವವರಿಗೆ ತಿಳಿಸಿಯೇ ಹೋಗಿ. ಎರಡೂ ಸಿಲ್ ಗಟ್ಟಿಯಾಗಿದ್ದು ಹೊಸ ಎಂಓಟಿಯಲ್ಲಿ ತುಕ್ಕಿನ ಮಾತಿಲ್ಲದಿದ್ದರೆ ನಾನಾದರೆ 13,500ರವರೆಗೆ ಕೊಡುತ್ತೇನೆ. ಒಂದು ಸಿಲ್ ಹೋಗಿದ್ದರೆ 10,000. ಎರಡೂ ಹೋಗಿ, ತಳದ ತೊಲೆಗೂ ತೇಪೆ ಹಾಕಿರುವುದು ಕಂಡರೆ ಬೆಲೆಯ ಮಾತೇ ಎತ್ತದೆ ಹಿಂದಿರುಗಿ ಬನ್ನಿ.